ಹುಲಿ ಆಮೇಲೆ, ಮೊದಲು ಹಿಕ್ಕೆ

ನಮಸ್ಕಾರ ಕೇಳುಗರೇ. ಪಿಯುಸಿ ಮುಗಿಸಿ ಮುಂದೇನು ಅಂತ ಕೂತಿರುವ ಮಕ್ಕಳಿಗೆ, ಅವರಿಗಿಂತ ಜಾಸ್ತಿ ಚಿಂತೆ ಮಾಡುತ್ತಿರುವ ಅಪ್ಪ-ಅವ್ವಂದಿರಿಗೆ ಈ ಮಾತು.

ವನ್ಯಜೀವಿ ವಿಜ್ಞಾನ ಓದಬೇಕು ಅಂತ ನನ್ನ ಹತ್ತಿರ ಬರುವ ಹುಡುಗರು ಮೊದಲು ಕೇಳೋದು, ಯಾವ ಕ್ಯಾಮೆರಾ ತಗೊಳ್ಳಲಿ ಸರ್ ಅಂತ. ಒಂದು ನೋಟ್‌ಬುಕ್ ತಗೊಳ್ಳಿ ಅಂತೀನಿ, ಮುಖ ಸಣ್ಣದಾಗುತ್ತೆ. ಈ ಕೆಲಸ ಅಂದ್ರೆ ಎಣಿಸೋದು, ಎಣಿಸಿದ್ದನ್ನು ಬರೆದಿಡೋದು. ಅಷ್ಟೇ.

ಯಡಹಳ್ಳಿ ಗೊತ್ತಲ್ವಾ? ನಮ್ಮ ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ ಕಡೆ ಇರುವ ಚಿಂಕಾರ ವನ್ಯಧಾಮ. ಚಿಂಕಾರ ಅಂದ್ರೆ ಒಂದು ಜಾತಿಯ ಹುಲ್ಲೆ. ಸುಮಾರು 96 ಚದರ ಕಿಲೋಮೀಟರ್ ಕುರುಚಲು ಕಾಡು. ಒಂದು ಸಲ ಅದರ ಅಂಚಿಗೆ ಹುಡುಗರನ್ನು ಕರ್ಕೊಂಡು ಹೋಗಿದ್ದೆ. ಚಿಂಕಾರ ಬಲು ಪುಕ್ಕಲು ಪ್ರಾಣಿ, ಕಣ್ಣಿಗೆ ಬೀಳೋದೇ ಕಷ್ಟ, ಹಾಗಾಗಿ ಹಿಕ್ಕೆ ಹುಡುಕಬೇಕು. ಒಬ್ಬ ಹುಡುಗ ಬಿಸಿಲಲ್ಲಿ ಬಗ್ಗಿ ಬಗ್ಗಿ ಒಂದು ಚೀಲ ಆರಿಸಿ, ದೊಡ್ಡ ಸಾಧನೆ ಮಾಡಿದವನ ಹಾಗೆ ಬಂದ. ಅಲ್ಲೇ ಕುರಿ ಮೇಯಿಸುತ್ತಿದ್ದ ಮುತ್ಯಾ ಒಬ್ಬರು ಚೀಲದೊಳಗೆ ಇಣುಕಿ ನಕ್ಕರು. "ತಮ್ಮಾ, ಇವು ನಮ್ಮ ಆಡಿನ ಹಿಕ್ಕಿ ಅದಾವು. ಆಡು ನಡಕೋತ ಚೆಲ್ಲಿ ಹೋಗ್ತಾವ. ಚಿಂಕಾರ ಹಂಗಲ್ಲ, ಬಂದು ಬಂದು ಒಂದ ಜಾಗಾದಾಗ ಗುಡ್ಡಿ ಹಾಕ್ತದ." ಖರೇ ಮಾತು! ಇದು ನನ್ನ ಜಾಗ ಅಂತ ಗಂಡು ಚಿಂಕಾರ ಸಾರೋದು ಹಾಗೆಯೇ. ಮುತ್ಯಾ ಹಳ್ಳದ ದಂಡೆಗೆ ಕರ್ಕೊಂಡು ಹೋಗಿ ಗುಡ್ಡೆ ತೋರಿಸಿದರು. ತೋಳ ಯಾವ ಹಾದಿಯಲ್ಲಿ ಬರುತ್ತೆ, ಯಾವ ತಿಂಗಳಲ್ಲಿ ಕುರಿಮರಿ ಜಾಸ್ತಿ ಹೋಗ್ತಾವೆ, ಎಲ್ಲ ಹೇಳಿದರು. ಹುಡುಗ ಬಾಯಿ ಬಿಟ್ಕೊಂಡು ಕೇಳ್ತಾ ನಿಂತಿದ್ದ. ಬರ್ಕೊಳ್ಳೋ ಅಂತ ನಾನೇ ಗದರಬೇಕಾಯ್ತು. ಮುತ್ಯಾನ ತಲೆಯಲ್ಲಿರುವುದು ತಾರೀಖು, ಜಾಗ, ಲೆಕ್ಕದ ಸಮೇತ ಕಾಗದಕ್ಕೆ ಇಳಿದರೆ ತಾನೇ ನೀರಿನ ತೊಟ್ಟಿ ಎಲ್ಲಿ ಕಟ್ಟಬೇಕು, ಬೇಸಿಗೆಯಲ್ಲಿ ಕಿಚ್ಚು ಹಬ್ಬದ ಹಾಗೆ ಬೆಂಕಿರೇಖೆ ಎಲ್ಲಿ ಎಳೆಯಬೇಕು ಅಂತ ತೀರ್ಮಾನ ಮಾಡೋಕೆ ಆಗೋದು?

ಮಗನಿಗೆ ಎಂಜಿನಿಯರಿಂಗೇ ಓದಿಸ್ತೀನಿ ಅನ್ನುವವರು ಓದಿಸಿ. ನಾಗರಹೊಳೆಯಲ್ಲಿ ಹುಲಿಯ ಪಟ್ಟೆ ಗುರುತಿಸಿ ಲೆಕ್ಕ ಹಾಕುವ ದಾರಿ ತೋರಿಸಿದ ಉಲ್ಲಾಸ ಕಾರಂತರು ಮೊದಲು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಗಣಿತ ಇಲ್ಲೂ ಬೇಕು. ಅಲ್ಲೂ ಅವರು ಮಾಡಿದ್ದು ಎಣಿಕೆಯೇ ನೋಡಿ.

ಗಾಜಿನ ಆಚೆಯಿಂದ ಟೈಮಾಯ್ತು ಅಂತ ಸನ್ನೆ ಬರ್ತಿದೆ, ಬೇಗ ಹೇಳ್ತೀನಿ. ಶಿರಸಿಯಲ್ಲಿ ಅರಣ್ಯ ಕಾಲೇಜಿದೆ, ಸಿಇಟಿ ಬರೆದು ಸೇರಬಹುದು, ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದನ್ನು ಬಿಡಬೇಡಿ. ಎಂಎಸ್ಸಿಗೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಇದೆ, ಬೆಂಗಳೂರಿನ ಎನ್‌ಸಿಬಿಎಸ್, ಅಂದ್ರೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇದೆ. ಐಎಫ್‌ಎಸ್, ಅಂದ್ರೆ ಭಾರತೀಯ ಅರಣ್ಯ ಸೇವೆಯ ಅಧಿಕಾರಿ ಆಗಬೇಕಾದರೆ ಯುಪಿಎಸ್‌ಸಿ ಬರೆಯಬೇಕು. ಪ್ರಿಲಿಮ್ಸ್ ಐಎಎಸ್‌ನವರ ಜೊತೆಗೇ. ಆದರೆ ಬರೀ ಬಿಎ, ಬಿಕಾಂ ಪದವಿ ಇದಕ್ಕೆ ನಡೆಯೋದಿಲ್ಲ. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಗಣಿತದಂಥ ವಿಷಯ ಇರಬೇಕು, ಇಲ್ಲವೇ ಕೃಷಿ, ಅರಣ್ಯ, ಎಂಜಿನಿಯರಿಂಗ್ ಪದವಿ ಆಗಬೇಕು. ಕಾಲೇಜಿನ ಫಾರಂ ತುಂಬುವಾಗಲೇ ಇದನ್ನು ನೋಡಿಕೊಳ್ಳಿ, ಮೂರು ವರ್ಷ ಆದ ಮೇಲೆ ಬಂದು ನನ್ನನ್ನು ಕೇಳಬೇಡಿ. ನಮಸ್ಕಾರ.