ಮಾತ್ರೆ ಚೀಟಿ ಬರೆದ ಮೇಲೆ

ಕೇಳುಗರಿಗೆ ನಮಸ್ಕಾರ.

ಊರಿನ ಸರ್ಕಲ್‌ನಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ನೋಡಿರುತ್ತೀರಿ. ದೊಡ್ಡ ಫೋಟೋ, ಕೆಳಗೆ ಹೆಸರು, ಅದರ ಕೆಳಗೆ ‘ಸಮಾಜ ಸೇವಕರು’. ಅವರು ಶಾಲೆ ಮಕ್ಕಳಿಗೆ ನೋಟ್‌ಬುಕ್ ಹಂಚಿರಬಹುದು, ಯಾರಿಗೋ ಆಸ್ಪತ್ರೆ ಖರ್ಚು ಕೊಟ್ಟಿರಬಹುದು. ಒಳ್ಳೆಯದೇ, ನನ್ನದೇನೂ ತಕರಾರಿಲ್ಲ. ಇವತ್ತು ನಾನು ಮಾತಾಡುವುದು ಯಾವ ಫ್ಲೆಕ್ಸ್‌ನಲ್ಲೂ ಕಾಣದವರ ಬಗ್ಗೆ. ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದಿ, ತಿಂಗಳ ಸಂಬಳಕ್ಕೆ ಈ ಕೆಲಸ ಮಾಡುವವರ ಬಗ್ಗೆ. ಅದರಲ್ಲೂ ಮಾನಸಿಕ ಕಾಯಿಲೆ ಇರುವವರ ಜೊತೆ ಕೆಲಸ ಮಾಡುವ ಸಮಾಜ ಕಾರ್ಯಕರ್ತರ ಬಗ್ಗೆ. ನಾನೂ ಅದೇ ಕೆಲಸದವಳು. ಸ್ವಲ್ಪ ಪಕ್ಷಪಾತ ಕಂಡರೆ ಸಹಿಸಿಕೊಳ್ಳಿ.

ಸಂಬಳ ಅಂದ ಕೂಡಲೇ ಕೆಲವರ ಮುಖ ಬದಲಾಗುತ್ತದೆ. ಬಡವರಿಗೆ, ಕಷ್ಟದಲ್ಲಿರುವವರಿಗೆ ಸಹಾಯ ಮಾಡೋದಕ್ಕೂ ದುಡ್ಡಾ? ಅದಕ್ಕೂ ಡಿಗ್ರಿ ಬೇಕಾ? ಈ ಪ್ರಶ್ನೆ ಹಳೆಯದು. 1915ರಲ್ಲಿ ಅಮೆರಿಕದ ಶಿಕ್ಷಣ ತಜ್ಞ ಅಬ್ರಹಾಂ ಫ್ಲೆಕ್ಸ್‌ನರ್ ಎಂಬುವರು ಸಮಾಜಕಾರ್ಯದವರ ಸಭೆಯಲ್ಲೇ ನಿಂತು, ಇದು ಇನ್ನೂ ಒಂದು ವೃತ್ತಿ ಆಗಿಲ್ಲ ಎಂದುಬಿಟ್ಟರು. ನೀವು ಡಾಕ್ಟರ್ ಹತ್ತಿರ, ವಕೀಲರ ಹತ್ತಿರ ಜನರನ್ನು ಕಳಿಸುವವರು, ನಿಮ್ಮದೇ ಅಂತ ಒಂದು ವಿದ್ಯೆ ಎಲ್ಲಿದೆ ಎಂಬುದು ಅವರ ವಾದದ ಸಾರ. ಆ ಮಾತು ಚುಚ್ಚಿತು. ನಮ್ಮವರು ಇವತ್ತಿಗೂ ಅದಕ್ಕೆ ಉತ್ತರ ಹೇಳುತ್ತಲೇ ಇದ್ದಾರೆ. ಭಾರತದಲ್ಲಿ ಈ ವಿದ್ಯೆ ಕಲಿಸುವ ಮೊದಲ ಸಂಸ್ಥೆ 1936ರಲ್ಲಿ ಮುಂಬಯಿಯಲ್ಲಿ, ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ಶುರುವಾಯಿತು. ಈಗಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ನಮ್ಮ ಮಂಗಳೂರಿನ ಸಮಾಜಕಾರ್ಯ ಕಾಲೇಜು ರೋಶನಿ ನಿಲಯ 1960ರದ್ದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕ್ಕೇ ಪ್ರತ್ಯೇಕ ವಿಭಾಗ ಇದೆ.

ಹಾಗಾದರೆ ವಿದ್ಯೆ ಯಾವುದು? ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗನಿಗೆ ಸ್ಕಿಜೋಫ್ರೇನಿಯಾ. ಯಾರೋ ಕಿವಿಯಲ್ಲಿ ಮಾತಾಡುತ್ತಾರೆ ಅನ್ನುತ್ತಾನೆ, ಊಟದಲ್ಲಿ ಏನೋ ಬೆರೆಸಿದ್ದಾರೆ ಅಂತ ತಟ್ಟೆ ತಳ್ಳುತ್ತಾನೆ. ಡಾಕ್ಟರು ಮಾತ್ರೆ ಬರೆಯುತ್ತಾರೆ. ಕೆಲವು ವಾರಗಳಲ್ಲಿ ಹುಡುಗ ಎಷ್ಟೋ ವಾಸಿ. ಆಮೇಲೆ ಮಾತ್ರೆ ನಿಲ್ಲುತ್ತದೆ, ಕಾಯಿಲೆ ವಾಪಸ್ ಬರುತ್ತದೆ. ಆಸ್ಪತ್ರೆಯಲ್ಲಿ ಯಾಕೆ ನಿಲ್ಲಿಸಿದಿರಿ ಅಂತ ಕೇಳಿದರೆ ತಾಯಿಯದು ಒಂದೇ ಉತ್ತರ: ಮರೆತುಹೋಯ್ತು ಮೇಡಂ.

ಮರೆತಿರುವುದಿಲ್ಲ. ಮನೆಗೆ ಹೋಗಿ ಕೂತರೆ ಗೊತ್ತಾಗುತ್ತದೆ. ಒಂದು ಮನೆಯಲ್ಲಿ ತಾಯಿಗೆ ಓದು ಬರಲ್ಲ, ಬೆಳಗಿನ ಮಾತ್ರೆ ಯಾವುದು, ರಾತ್ರಿಯದು ಯಾವುದು ಗೊತ್ತಾಗದೆ ಎರಡನ್ನೂ ಬಿಟ್ಟಿರುತ್ತಾಳೆ. ಇನ್ನೊಂದು ಮನೆಯಲ್ಲಿ ಮಾತ್ರೆ ತಿಂದರೆ ವಿಪರೀತ ನಿದ್ದೆ, ಹುಡುಗ ಗಾರೆ ಕೆಲಸಕ್ಕೆ ಹೋಗೋಕೆ ಆಗಲ್ಲ. ಮತ್ತೊಂದು ಕಡೆ ತಂಗಿಗೆ ಗಂಡು ನೋಡುತ್ತಿದ್ದಾರೆ, ಬಂದವರ ಕಣ್ಣಿಗೆ ಮಾತ್ರೆ ಡಬ್ಬಿ ಬೀಳಬಾರದು. ಬೇರೆ ಎಷ್ಟೋ ಕಡೆ ಕಾರಣ ಬಸ್ಸು. ಜಿಲ್ಲಾಸ್ಪತ್ರೆಗೆ ಬಂದು ಹೋದರೆ ಇಬ್ಬರ ಒಂದು ದಿನದ ಕೂಲಿ ಹೋಯಿತು. ಕಾಯಿಲೆ ಒಂದೇ, ಮಾತ್ರೆ ಒಂದೇ, ನಿಂತ ಕಾರಣ ಮಾತ್ರ ಮನೆಗೊಂದು. ನಿದ್ದೆಯ ತೊಂದರೆ ಆದರೆ ಡಾಕ್ಟರಿಗೆ ಹೇಳಿ ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಬಹುದಾ ಕೇಳಬೇಕು. ಬಸ್ಸಿನ ತೊಂದರೆಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಮಾತ್ರೆ ಸಿಗುವ ಹಾಗೆ ಮಾಡಬೇಕು. ದುಡಿಯೋಕೆ ಆಗದವನಿಗೆ ಅಂಗವಿಕಲರ ಗುರುತಿನ ಚೀಟಿ, ಮಾಸಾಶನ ಆಗಬಹುದು, ಅದಕ್ಕೆ ಅರ್ಜಿ ಹಿಡಿದು ನಾಡಕಚೇರಿಗೆ ಅಲೆಯಬೇಕು. ತಂಗಿಯ ಮದುವೆ ವಿಷಯ? ಅದಕ್ಕೆ ಯಾವ ಅರ್ಜಿ ನಮೂನೆಯೂ ಇಲ್ಲ. ಮನೆಯವರ ಜೊತೆ ಕೂತು ಮಾತಾಡಬೇಕು, ಕೊನೆಗೆ ತೀರ್ಮಾನ ಅವರದ್ದೇ ಅಂತ ಒಪ್ಪಿಕೊಳ್ಳಬೇಕು.

ಮನೆ ಹುಡುಕಿಕೊಂಡು ಹೋಗುವುದೇ ಒಂದು ಕಲೆ. ಆಸ್ಪತ್ರೆ ಬೋರ್ಡಿನ ಜೀಪನ್ನು ಬಾಗಿಲ ಮುಂದೆ ನಿಲ್ಲಿಸಿದರೆ ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ದೂರದಲ್ಲಿ ನಿಲ್ಲಿಸಿ ನಡೆದುಕೊಂಡು ಹೋಗಬೇಕು. ಅಂಗಡಿಯಲ್ಲಿ ವಿಳಾಸ ಕೇಳಿದರೆ ಎಲ್ಲಿಂದ ಬಂದಿದ್ದೀರಿ ಅಂತ ಕೇಳಿಯೇ ಕೇಳುತ್ತಾರೆ. ಬ್ಯಾಂಕಿಂದ ಅಂದರೆ, ಇವರು ಸಾಲ ಕಟ್ಟಿಲ್ಲ ಅಂತ ಇನ್ನೊಂದು ಸುದ್ದಿ ಹುಟ್ಟುತ್ತದೆ! ಪರಿಚಯದವರು ಅಂದರೆ ಸಾಕು. ಸುಳ್ಳೂ ಅಲ್ಲ, ಗುಟ್ಟೂ ಬಯಲಾಗಲ್ಲ.

ಮನೆಯೊಳಗೆ ಹೋದರೆ ಕಾಫಿ ಬರುತ್ತದೆ. ಕುಡಿಯಬೇಕು. ಬೇಡ ಅಂದರೆ ನಮ್ಮನೆ ಕಾಫಿ ಇವರಿಗೆ ಆಗಲ್ಲ ಅಂತ ತಿಳಿಯುತ್ತಾರೆ, ಜಾತಿಯ ನೆನಪೂ ಬರುತ್ತದೆ. ಹೊರಡುವಾಗ ನಾಟಿ ಕೋಳಿ ಕಟ್ಟಿಕೊಡಲು ಬಂದರೆ ಮಾತ್ರ ಬೇಡ. ದುಡ್ಡಿನ ಪ್ರಶ್ನೆ ಇದಕ್ಕಿಂತ ಕಷ್ಟ. ಒಲೆ ಹಚ್ಚಿಲ್ಲದ ಮನೆ ಕಂಡಾಗ ಕೈ ತಾನಾಗಿಯೇ ಪರ್ಸಿಗೆ ಹೋಗುತ್ತದೆ. ಪಾಠದಲ್ಲಿ ಕೊಡಬೇಡಿ ಎಂದಿದೆ. ಈ ಕೆಲಸದಲ್ಲಿ ಕೊಡದೇ ಇರುವವರನ್ನು ನಾನಂತೂ ಕಂಡಿಲ್ಲ. ಆದರೆ ಪಾಠ ಹೇಳುವುದರಲ್ಲಿ ಅರ್ಥವಿದೆ. ಒಮ್ಮೆ ಕೊಟ್ಟರೆ ಮುಂದಿನ ಸಲ ಅವರು ನಮಗೆ ಸಿಟ್ಟು ಬರುವಂಥ ನಿಜ ಹೇಳುವುದಿಲ್ಲ. ಮಾತ್ರೆ ನಿಂತಿದ್ದರೂ ನಿಂತಿಲ್ಲ ಅನ್ನುತ್ತಾರೆ. ರೇಷನ್ ಕಾರ್ಡಿನ ತಕರಾರು ಬಿಡಿಸುವುದು ಎರಡು ತಿಂಗಳ ರಗಳೆ, ನೋಟು ಕೊಡುವುದು ಎರಡು ನಿಮಿಷದ್ದು. ಸಂಬಳ ಕೊಡುವುದು ಆ ರಗಳೆಗೆ.

ಇಂಥ ಕೆಲಸಕ್ಕೆ ಸಂಬಳ ಕೇಳಿದಾಗ ‘ಕಾಯಕವೇ ಕೈಲಾಸ’ ಅಂತ ಹೇಳಿ ಕಳಿಸುವವರಿದ್ದಾರೆ. ಅವರಿಗೆ ಆಯ್ದಕ್ಕಿ ಲಕ್ಕಮ್ಮನ ಕತೆ ಪೂರ್ತಿ ಗೊತ್ತಿಲ್ಲವೇನೋ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದಳು ಆಕೆ. ಹೆಚ್ಚು ಬೇಡ ಎಂದಳು. ಅಕ್ಕಿಯೇ ಬೇಡ ಎನ್ನಲಿಲ್ಲ. ಶರಣರ ಕಾಯಕ ಬಿಟ್ಟಿ ಚಾಕರಿ ಅಲ್ಲ. ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ ನಾವು ಇವತ್ತಿಗೂ ಕೊಡುವುದು ಗೌರವಧನ, ಪ್ರೋತ್ಸಾಹಧನ. ಅಂಗನವಾಡಿಯವರಿಗೆ ಗ್ರಾಚ್ಯುಟಿ ಹಕ್ಕಿದೆ ಅಂತ ಹೇಳುವುದಕ್ಕೆ 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ಅಂಗನವಾಡಿ ಯೋಜನೆ ಶುರುವಾದದ್ದು 1975ರಲ್ಲಿ!

ಎಂ.ಎಸ್.ಡಬ್ಲ್ಯು. ಓದಿದವರು ಎಲ್ಲಿ ಹೋಗುತ್ತಾರೆ ಅಂತ ಕೇಳಬಹುದು. ಬಹಳ ಜನ ಕಂಪನಿಗಳ ಎಚ್.ಆರ್. ವಿಭಾಗಕ್ಕೆ. ಇದಕ್ಕೊಂದು ಹಿನ್ನೆಲೆ ಇದೆ. 500 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಲೇಬೇಕು ಎಂದು 1948ರ ಕಾರ್ಖಾನೆ ಕಾಯ್ದೆ ಹೇಳಿತು. ಸಮಾಜಕಾರ್ಯ ಓದಿದವರಿಗೆ ಆ ಬಾಗಿಲು ತೆರೆಯಿತು. ಕಾರ್ಮಿಕರ ಪರ ನಿಲ್ಲಲಿ ಅಂತ ಮಾಡಿದ ಹುದ್ದೆ ನಿಧಾನಕ್ಕೆ ಮ್ಯಾನೇಜ್‌ಮೆಂಟ್ ಕಡೆ ಸರಿಯಿತು ಎಂಬುದು ನನ್ನ ಅಭಿಪ್ರಾಯ. ಹೋದವರನ್ನು ನಾನು ದೂರುವುದಿಲ್ಲ. ಮನೆ ಬಾಡಿಗೆ ಎಲ್ಲರಿಗೂ ಇರುತ್ತದಲ್ಲ.

ಊರಲ್ಲೇ ಉಳಿದವರಿಗೆ ಸಿಗುವುದು ಹೆಚ್ಚಾಗಿ ಗುತ್ತಿಗೆ ಕೆಲಸ. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಸಿಗುವ ಹಾಗೆ ಮಾಡಿದರು. 1996ರಲ್ಲಿ ಅದೇ ಮಾದರಿಯಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಕಾರ್ಯಕ್ರಮ ದೊಡ್ಡದು, ಅದರ ತಂಡದಲ್ಲಿ ಸಮಾಜ ಕಾರ್ಯಕರ್ತರಿಗೂ ಜಾಗ ಇದೆ. ಆದರೆ ವರ್ಷ ವರ್ಷ ನವೀಕರಣಕ್ಕೆ ಕಾಯುವ ಹುದ್ದೆಯಲ್ಲಿ ಎಷ್ಟು ದಿನ ಯಾರು ಕೂರುತ್ತಾರೆ? ಹೊಸಬರು ಬರುತ್ತಾರೆ. ಹಿಂದಿನವರು ಕೇಸ್ ಫೈಲು ಸರಿಯಾಗಿ ಬರೆದಿಟ್ಟಿದ್ದರೆ ಪುಣ್ಯ. ತಂಗಿಯ ಮದುವೆ, ಬಸ್ಸು, ನಿದ್ದೆ ಎಲ್ಲ ಅದರಲ್ಲಿರುತ್ತದೆ. ‘ರೋಗಿ ಭೇಟಿ ಮಾಡಲಾಯಿತು’ ಎಂದಷ್ಟೇ ಇದ್ದರೆ, ಆ ತಾಯಿ ಮೊದಲಿಂದ ಎಲ್ಲವನ್ನೂ ಹೊಸ ಮುಖದ ಮುಂದೆ ಹೇಳಬೇಕು. ಎಷ್ಟು ಸಲ ಹೇಳುತ್ತಾಳೆ? ಬೇಸತ್ತು ಮತ್ತೆ ಮರೆತುಹೋಯ್ತು ಮೇಡಂ ಅನ್ನುತ್ತಾಳೆ. ಸಂದರ್ಶನ ಕಲೆ ಮುಖ್ಯವೇ, ಆದರೆ ಹೊಸ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳಿಕೊಡುವುದು ಫೈಲು ಬರೆಯುವುದನ್ನು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ತೊಂದರೆ ಇದ್ದರೆ, ಜಿಲ್ಲಾಸ್ಪತ್ರೆಯಲ್ಲಿ ಡಾಕ್ಟರನ್ನು ನೋಡಿದ ಮೇಲೆ ಸಮಾಜ ಕಾರ್ಯಕರ್ತರು ಎಲ್ಲಿ ಕೂರುತ್ತಾರೆ ಅಂತ ಕೇಳಿ. ಮಾತ್ರೆ ಯಾಕೆ ನಿಂತಿತು ಅಂತ ಅವರಿಗೆ ನಿಜ ಹೇಳಿ, ಬೈಯುವುದಿಲ್ಲ. ಆಸ್ಪತ್ರೆಗೆ ಹೋಗಲು ಹಿಂಜರಿಕೆ ಇದ್ದರೆ ಮೊದಲು ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಬಹುದು. ನಂಬರು 14416. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಹೊತ್ತೂ ಎತ್ತುತ್ತಾರೆ. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು. ನಮಸ್ಕಾರ.