ಕನಸಲ್ಲಿ ನಿಜವಾಗಲೂ ಎಚ್ಚರ ಇತ್ತಾ?

ಕೇಳುಗರಿಗೆ ನಮಸ್ಕಾರ.

ಚಾಮುಂಡಿ ಬೆಟ್ಟದ ಮೇಲಿಂದ ಹಾರಿ, ಕಾರಂಜಿ ಕೆರೆ ದಾಟಿ, ಅರಮನೆ ಗೋಪುರದ ಪಕ್ಕ ಇಳಿದೆ ಅಂತ ಯಾರಾದರೂ ಹೇಳಿದರೆ ಅದು ಒಳ್ಳೇ ಕನಸು, ಅಷ್ಟೇ. ಲೂಸಿಡ್ ಡ್ರೀಮ್ ಅನ್ನುವುದಕ್ಕೆ ಅದು ಸಾಲದು. ಈಗ ಕಾಲೇಜು ಹುಡುಗರ ಬಾಯಲ್ಲಿ ಈ ಮಾತು ಜಾಸ್ತಿ ಓಡಾಡುತ್ತಿದೆ. ಬಣ್ಣ ಎದ್ದು ಕಂಡರೆ ಲೂಸಿಡ್, ಹಾರಿದರೆ ಲೂಸಿಡ್, ತೀರಿಹೋದ ಅಜ್ಜಿ ಬಂದು ಪಕ್ಕದಲ್ಲಿ ಕೂತು ಮಾತಾಡಿದರೆ ಅದೂ ಲೂಸಿಡ್. ಹಾಗಲ್ಲ. ಕನಸು ನಡೆಯುತ್ತಿರುವಾಗಲೇ, ಇದು ಕನಸು ಅಂತ ನಮಗೆ ಗೊತ್ತಿರಬೇಕು. ಬೇಕಾದದ್ದು ಇದೊಂದೇ. 1913ರಲ್ಲಿ ಹಾಲೆಂಡಿನ ಮನೋವೈದ್ಯ ಫ್ರೆಡರಿಕ್ ವಾನ್ ಈಡನ್ ಈ ಹೆಸರನ್ನು ಬಳಕೆಗೆ ತಂದರು. ನಾನು ಇವತ್ತು ಎಚ್ಚರದ ಕನಸು ಅಂತಲೇ ಕರೆಯುತ್ತೇನೆ.

ತೊಡಕು ಎಲ್ಲಿದೆ ಅಂದರೆ, "ನನಗೆ ಗೊತ್ತಿತ್ತು" ಅನ್ನುವ ಮಾತನ್ನು ನಾವು ಹೇಳುವುದು ಎದ್ದ ಮೇಲೆ. ಹಾಸಿಗೆಯಲ್ಲಿ ಕಣ್ಣು ಬಿಟ್ಟಾಗ ಅದು ಕನಸು ಅಂತ ಎಲ್ಲರಿಗೂ ಗೊತ್ತು. ಆ ಬೆಳಗಿನ ತಿಳಿವಳಿಕೆ ಹಿಂದಕ್ಕೆ ಹರಿದು ರಾತ್ರಿಯ ಕನಸಿನೊಳಗೂ ಸೇರಿಕೊಂಡುಬಿಡುತ್ತದೆ. ಹಲ್ಲುಜ್ಜಿ, ಕಾಫಿ ಕುಡಿದು, ಮನೆಯವರಿಗೆ ಕಥೆ ಹೇಳುವ ಹೊತ್ತಿಗೆ "ಆಗಲೇ ಅನ್ನಿಸಿತ್ತು ಕಣೇ, ಇದು ಕನಸೇ ಅಂತ" ಎನ್ನುವ ಸಾಲು ತಾನಾಗಿ ಬಂದಿರುತ್ತದೆ. ಸುಳ್ಳು ಹೇಳಬೇಕು ಅಂತ ಯಾರೂ ಹೇಳುವುದಿಲ್ಲ. ನೆನಪಿನ ಕೆಲಸವೇ ಹಾಗೆ.

ವಿಜ್ಞಾನಿಗಳಿಗೂ ಬಹಳ ಕಾಲ ಇದೇ ಅನುಮಾನ ಇತ್ತು. ನಿದ್ದೆ ಮಾಡುತ್ತಾ ಎಚ್ಚರ ಹೇಗೆ ಸಾಧ್ಯ, ನಡುವೆ ಒಂದು ಕ್ಷಣ ಎದ್ದಿರುತ್ತಾರೆ, ಅದನ್ನೇ ಕನಸು ಅಂದುಕೊಂಡಿರುತ್ತಾರೆ ಅಂತ ಎಷ್ಟೋ ಜನ ತಳ್ಳಿಹಾಕುತ್ತಿದ್ದರು. ಅದನ್ನು ಒಡೆದದ್ದು ಒಂದು ಚಂದದ ಉಪಾಯ. ಕನಸು ಹೆಚ್ಚಾಗಿ ಬೀಳುವ ನಿದ್ದೆಯಲ್ಲಿ ರೆಪ್ಪೆಯ ಒಳಗೆ ಕಣ್ಣುಗುಡ್ಡೆ ಚಕಚಕ ಓಡಾಡುತ್ತಿರುತ್ತದೆ. ಇದಕ್ಕೆ ರೆಮ್ ನಿದ್ದೆ ಅನ್ನುತ್ತಾರೆ. 1953ರಲ್ಲಿ ಷಿಕಾಗೊದ ಅಸೆರಿನ್ಸ್ಕಿ ಮತ್ತು ಕ್ಲೈಟ್ಮನ್ ಇದರ ಬಗ್ಗೆ ಬರೆದರು. ಈ ನಿದ್ದೆಯಲ್ಲಿ ಕೈಕಾಲಿನ ಸ್ನಾಯುಗಳು ಸಡಿಲವಾಗಿ ಬಿದ್ದಿರುತ್ತವೆ, ಕನಸಲ್ಲಿ ಓಡಿದರೂ ಹಾಸಿಗೆಯಲ್ಲಿ ಕಾಲು ಓಡುವುದಿಲ್ಲ. ಆದರೆ ಕಣ್ಣಿನ ಸ್ನಾಯುಗಳಿಗೆ ಆ ಕಟ್ಟು ಇಲ್ಲ. ಕನಸಲ್ಲಿ ಎಡಕ್ಕೆ ನೋಡಿದರೆ ನಿಜವಾದ ಕಣ್ಣೂ ಎಡಕ್ಕೆ ಹೋಗುತ್ತದೆ. ಅಂದಮೇಲೆ ಮಲಗುವ ಮೊದಲೇ ಮಾತಾಡಿಕೊಂಡರೆ ಆಯಿತು ಅಲ್ವಾ? ಎಚ್ಚರ ಬಂದ ಕೂಡಲೇ ಎಡ, ಬಲ, ಎಡ, ಬಲ ಅಂತ ಬೇಕಂತಲೇ ನೋಡು, ನಾವು ಯಂತ್ರದಲ್ಲಿ ಗುರುತು ಹಿಡಿಯುತ್ತೇವೆ ಅಂತ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಹೀಗೇ ಮಾಡಿದರು, ಮಲಗಿದ್ದವರು ಅಲನ್ ವರ್ಸ್ಲಿ. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಲಬರ್ಜ್ ತಮ್ಮ ಪಾಡಿಗೆ ತಾವು ಇದೇ ದಾರಿ ಹಿಡಿದು 1981ರಲ್ಲಿ ಪ್ರಕಟಿಸಿದರು. ಮೆದುಳು ನಿದ್ದೆಯಲ್ಲಿದೆ ಅಂತ ಯಂತ್ರ ತೋರಿಸುತ್ತಿದೆ, ಕಣ್ಣು ಮಾತ್ರ ಒಪ್ಪಂದದ ಪ್ರಕಾರ ಸನ್ನೆ ಮಾಡುತ್ತಿದೆ. ಇದಕ್ಕಿಂತ ಒಳ್ಳೇ ಸಾಕ್ಷಿ ಬೇಕಾ?

ಅಂದಹಾಗೆ ನಮ್ಮ ಮೈಸೂರಿನಲ್ಲಿ ಬಾನುಲಿ ಶುರುಮಾಡಿದವರೂ ಮನಸ್ಸಿನ ವಿಷಯ ಪಾಠ ಮಾಡುತ್ತಿದ್ದವರೇ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಮಾಡಿದರು. ಹಾಗಾಗಿ ಕನಸಿನ ಮಾತನ್ನು ಈ ಊರಿನ ರೇಡಿಯೊದಲ್ಲಿ ಆಡಲು ನನಗೆ ಸಂಕೋಚ ಇಲ್ಲ.

ಸರಿ, ನಮ್ಮ ಮನೆಯಲ್ಲಿ ಅಂಥ ಯಂತ್ರ ಇಲ್ಲವಲ್ಲ. ಬೆಳಿಗ್ಗೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಏನು ಕೇಳಿಕೊಳ್ಳುವುದು?

ಮೊದಲು ಒಂದು ಗೊಂದಲ ತೆಗೆದುಹಾಕೋಣ. ಕನಸನ್ನು ಬೇಕಾದ ಹಾಗೆ ಆಡಿಸಿದರೆ ಮಾತ್ರ ಎಚ್ಚರದ ಕನಸು ಅಂತ ತುಂಬಾ ಜನ ತಿಳಿದಿದ್ದಾರೆ. ಮಂಡ್ಯದ ಕಡೆ ಊರಹಬ್ಬದಲ್ಲಿ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ಆಡುತ್ತಾರಲ್ಲ, ಭೀಮನ ಗದೆ ಹಿಡಿದವನು ಪಕ್ಕದ ಬೀದಿಯವನೇ ಅಂತ ಕೂತವರಿಗೆಲ್ಲ ಗೊತ್ತು, ಹಾಗಂತ ನಾಟಕ ನಿಲ್ಲಿಸುವುದೋ ಕಥೆ ಬದಲಿಸುವುದೋ ಅವರ ಕೈಯಲ್ಲಿಲ್ಲ. ಎಚ್ಚರದ ಕನಸೂ ಅಷ್ಟೇ. ಗೊತ್ತಿರುವುದು ಬೇರೆ, ನಡೆಸುವುದು ಬೇರೆ. ಹಾರಬೇಕು ಅಂತ ಹೊರಟು ನೆಲ ಬಿಟ್ಟು ಮೇಲೇಳಲು ಆಗದೇ ಇದ್ದರೂ, ಇದು ಕನಸು ಅಂತ ಗೊತ್ತಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಅದರ ಉಲ್ಟಾನೂ ಇದೆ. ಕೈಬೀಸಿ ಮಳೆ ನಿಲ್ಲಿಸಿದೆ, ಗೋಡೆಯೊಳಗೆ ತೂರಿಹೋದೆ, ಆದರೆ ಅದೇನೂ ವಿಚಿತ್ರ ಅಂತ ಅನ್ನಿಸಲೇ ಇಲ್ಲ ಅಂದರೆ, ಅದು ಮಾಮೂಲಿ ಕನಸು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಗುರುತು ಒಂದಿದೆ. ಇದು ಕನಸು ಅಂತ ಅನ್ನಿಸಿದ ಮೇಲೆ ನೀವು ಏನು ಮಾಡಿದಿರಿ? ಗೊತ್ತಾದ ಮೇಲೆ ಏನಾದರೂ ಬದಲಾಗಿರಬೇಕು. ನನ್ನದೇ ಒಂದು ಕನಸು ಹೇಳುತ್ತೇನೆ. ದಸರಾ ಆನೆಯೊಂದು ಅಂಬಾರಿ ಸಮೇತ ನಮ್ಮ ಅಡುಗೆಮನೆಗೆ ಬಂದಿದೆ. "ಓ, ಇದು ಕನಸು" ಅಂತ ಅಂದುಕೊಂಡೆ, ಸ್ಪಷ್ಟವಾಗಿ ಅಂದುಕೊಂಡೆ. ಆಮೇಲೆ ಏನು ಮಾಡಿದೆ ಗೊತ್ತಾ? ಗ್ಯಾಸ್ ಸಿಲಿಂಡರ್ ಉರುಳಿಬಿಟ್ಟರೆ ಏನು ಗತಿ ಅಂತ ಬೆವರುತ್ತಾ ಅದನ್ನು ಹಿತ್ತಿಲಿಗೆ ಎಳೆದುಕೊಂಡು ಹೋದೆ. ಕನಸು ಅಂತ ಗೊತ್ತಿರುವವನು ಸಿಲಿಂಡರ್ ಯಾಕೆ ಎಳೆಯುತ್ತಾನೆ? ಮಾತು ಬಂದಿತ್ತು, ಅದರ ಅರ್ಥ ಒಳಗೆ ಇಳಿದಿರಲಿಲ್ಲ. ಇಂಥದ್ದನ್ನು ಅರೆ ಎಚ್ಚರ ಅಂತ ಇಟ್ಟುಕೊಳ್ಳಬಹುದು. ಕನಸಲ್ಲಿ ಸಿಕ್ಕ ಸ್ನೇಹಿತನಿಗೆ "ನಾವಿಬ್ಬರೂ ನನ್ನ ಕನಸಲ್ಲಿ ಇದ್ದೀವಿ ಮಾರಾಯ, ನಾಳೆ ಫೋನ್ ಮಾಡಿ ನೆನಪಿಸು" ಅಂತ ಹೇಳುವುದೂ ಇದೇ ಜಾತಿ. ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ.

ಇನ್ನೊಂದು ಗುರುತು ನೆನಪು. ಕನಸಿನೊಳಗೆ ನಿಂತಿದ್ದಾಗ ನಿಮ್ಮ ನಿಜವಾದ ಮೈ ಎಲ್ಲಿ ಮಲಗಿದೆ ಅಂತ ಹೊಳೆದಿತ್ತಾ? ಮಂಡ್ಯದ ಮನೆಯ ಮಹಡಿ ಕೋಣೆ, ಕಿಟಕಿ ಪಕ್ಕದ ಮಂಚ, ಬೆಳಿಗ್ಗೆ ಆರೂವರೆಗೆ ಬೆಂಗಳೂರು ರೈಲು ಹಿಡಿಯಬೇಕು. ಇಷ್ಟರಲ್ಲಿ ಒಂದಾದರೂ ನೆನಪಿದ್ದರೆ ಎಚ್ಚರ ಚೆನ್ನಾಗಿಯೇ ಇತ್ತು ಅನ್ನಬಹುದು. ಮಲಗುವ ಮುಂಚೆ, "ಎಚ್ಚರ ಬಂದರೆ ಇಂಥದ್ದು ಮಾಡುತ್ತೇನೆ" ಅಂತ ಅಂದುಕೊಂಡದ್ದು ಕನಸಲ್ಲಿ ನೆನಪಾಗಿ, ಅದನ್ನೇ ಮಾಡಲು ಹೋಗಿದ್ದರೆ ಇನ್ನೂ ಗಟ್ಟಿ. ಹಲ್‌ನಲ್ಲಿ ಕಣ್ಣಿನ ಸನ್ನೆ ಮಾಡಿಸಿದ್ದೂ ಇಂಥ ನೆನಪನ್ನೇ ನಂಬಿ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಗೆ ಓದಿಲ್ಲ ಅಂತ ಐವತ್ತು ವರ್ಷದವರು ಕನಸಲ್ಲಿ ಒದ್ದಾಡುತ್ತಾರೆ, ಅಲ್ವಾ? ತನಗೆ ಮದುವೆಯಾಗಿದೆ, ಮಗಳೇ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ ಅನ್ನುವುದು ಅಲ್ಲಿ ಪೂರ್ತಿ ಮರೆತಿರುತ್ತದೆ. ಎಚ್ಚರ ಇಲ್ಲದ ಕನಸಿನ ಲಕ್ಷಣವೇ ಈ ಮರೆವು.

ತಮಾಷೆ ಅಂದರೆ ಎಚ್ಚರದ ಕನಸಿನ ಬಗ್ಗೆಯೇ ಕನಸು ಬೀಳುವುದೂ ಉಂಟು. ಈ ವಿಷಯ ಜಾಸ್ತಿ ಓದಿದವರಿಗೆ ಇದು ಖಂಡಿತ ಕಾದಿರುತ್ತದೆ. ಕಲಾಮಂದಿರದಲ್ಲಿ ತುಂಬಿದ ಸಭೆಗೆ ಎಚ್ಚರದ ಕನಸು ಅಂದರೇನು ಅಂತ ಭಾಷಣ ಬಿಗಿಯುತ್ತಿದ್ದೀರಿ, ಜನ ಚಪ್ಪಾಳೆ ತಟ್ಟುತ್ತಿದ್ದಾರೆ, ಆದರೆ ಆ ಸಭೆಯೇ ಕನಸು ಅನ್ನುವುದು ಮಾತ್ರ ತಲೆಗೆ ಹೊಳೆಯುವುದಿಲ್ಲ. ಇಲ್ಲಿ ಎಚ್ಚರ ಅನ್ನುವುದು ಕಥೆಯ ಒಂದು ಭಾಗ, ಅಷ್ಟೇ. ಸುಳ್ಳು ಎಚ್ಚರವೂ ಹೀಗೇ ಯಾಮಾರಿಸುತ್ತದೆ. ಕನಸು ಮುಗಿದು ಎದ್ದಿರಿ, ದಿಂಬಿನ ಪಕ್ಕದ ಪುಸ್ತಕದಲ್ಲಿ ಎಲ್ಲ ಬರೆದಿರಿ, ಹೆಂಡತಿಗೆ ಹೇಳಿದಿರಿ, ಅವರು ನಕ್ಕರು. ಆಮೇಲೆ ಇನ್ನೊಂದು ಸಲ ಏಳುತ್ತೀರಿ. ಪುಸ್ತಕ ಖಾಲಿ. ಮೊದಲನೆಯ ಭಾಗದಲ್ಲಿ ಎಚ್ಚರ ಇದ್ದಿರಬಹುದು, ಬರೆದ ಭಾಗದಲ್ಲಿ ಖಂಡಿತ ಇರಲಿಲ್ಲ. ಎರಡನ್ನೂ ಬೇರೆ ಬೇರೆ ನೋಡಬೇಕು.

ಕನಸೋ ನಿಜವೋ ಅಂತ ಪರೀಕ್ಷಿಸುವ ಕೆಲವು ಉಪಾಯಗಳು ನಿಮಗೂ ಗೊತ್ತಿರಬಹುದು. ಬಸ್ಸಿನ ಬೋರ್ಡು ಓದಿ, ತಲೆ ತಿರುಗಿಸಿ, ಮತ್ತೆ ಓದಿ. ಕನಸಲ್ಲಿ ಎಷ್ಟೋ ಸಲ ಅಕ್ಷರ ಬದಲಾಗಿರುತ್ತದೆ, ಶ್ರೀರಂಗಪಟ್ಟಣ ಅಂತ ಇದ್ದದ್ದು ನೋಡನೋಡುತ್ತಾ ಏನೇನೋ ಆಗಿರುತ್ತದೆ. ಮೂಗು ಗಟ್ಟಿಯಾಗಿ ಹಿಡಿದು ಉಸಿರೆಳೆಯುವುದು ನನಗೆ ಇಷ್ಟವಾದ ಉಪಾಯ. ಕನಸಾಗಿದ್ದರೆ ಸಾಮಾನ್ಯವಾಗಿ ಉಸಿರು ಸಲೀಸಾಗಿ ಆಡುತ್ತದೆ, ಯಾಕೆಂದರೆ ನಿಜವಾದ ಮೂಗನ್ನು ಯಾರೂ ಹಿಡಿದಿಲ್ಲ. ಚಿವುಟಿಕೊಳ್ಳುವುದು ಸುಮ್ನೆ ದಂಡ, ಕನಸಲ್ಲೂ ನೋವಾದ ಹಾಗೆ ಅನ್ನಿಸಬಹುದು. ಆದರೆ ಈ ಪರೀಕ್ಷೆ ಮಾಡಿದ್ದೇ ಸಾಕ್ಷಿಯಲ್ಲ. ಒಂದು ಕೈಯ ಬೆರಳು ಎಣಿಸಿ, ಐದರ ಬದಲು ಏಳು ಬಂದು, "ಸರಿ, ಎಲ್ಲ ಸರಿಯಿದೆ" ಅಂತ ಮುಂದೆ ಹೋದವರೂ ಇದ್ದಾರೆ. ಪರೀಕ್ಷೆಯಿಂದ ಏನು ತೀರ್ಮಾನ ಮಾಡಿದಿರಿ ಅನ್ನುವುದು ಮುಖ್ಯ.

ಎದೆ ಮೇಲೆ ಯಾರೋ ಕೂತ ಹಾಗೆ, ಕೂಗಲು ಹೋದರೆ ದನಿ ಬಾರದ ಹಾಗೆ ಆಗುತ್ತದಲ್ಲ, ಅದನ್ನೂ ಕೆಲವರು ಇದಕ್ಕೆ ಸೇರಿಸುತ್ತಾರೆ. ಅದು ಬೇರೆ. ಅಲ್ಲಿ ಮನಸ್ಸು ಎದ್ದಿರುತ್ತದೆ, ಮೈಯ ಕಟ್ಟು ಇನ್ನೂ ಬಿಟ್ಟಿರುವುದಿಲ್ಲ. ದೆವ್ವವೂ ಅಲ್ಲ, ಎಚ್ಚರದ ಕನಸೂ ಅಲ್ಲ.

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರೆ. ನಿಜವಾಗುತ್ತದೋ ಬಿಡುತ್ತದೋ, ಆ ಹೊತ್ತಿಗೆ ಬೆಲೆ ಇರುವುದಂತೂ ಹೌದು. ನಿದ್ದೆ ಸುಮಾರು ತೊಂಬತ್ತು ನಿಮಿಷದ ಸುತ್ತುಗಳಲ್ಲಿ ನಡೆಯುತ್ತದೆ, ರಾತ್ರಿ ಕಳೆದಂತೆ ರೆಮ್ ಭಾಗ ಉದ್ದವಾಗುತ್ತದೆ. ಎಚ್ಚರದ ಕನಸು ಬೀಳುವುದೂ ಹೆಚ್ಚಾಗಿ ಆಗಲೇ. ರಾತ್ರಿ ಮಲಗಿದ ಹತ್ತು ನಿಮಿಷಕ್ಕೇ ಬಿತ್ತು ಅಂತ ಯಾರಾದರೂ ಹೇಳಿದರೆ ನಾನು ಇನ್ನೆರಡು ಪ್ರಶ್ನೆ ಜಾಸ್ತಿ ಕೇಳುತ್ತೇನೆ. ಮಂಪರಿನಲ್ಲಿ ಕಂಡ ಚಿತ್ರಗಳಿರಬಹುದು.

2021ರಲ್ಲಿ ಒಂದು ಅಧ್ಯಯನ ಬಂತು. ಅಮೆರಿಕ, ಜರ್ಮನಿ, ಫ್ರಾನ್ಸ್, ನೆದರ್‌ಲ್ಯಾಂಡ್ಸ್, ನಾಲ್ಕು ದೇಶದ ಪ್ರಯೋಗಾಲಯಗಳು ಸೇರಿ 36 ಜನರನ್ನು ಮಲಗಿಸಿ, ಅವರು ಕನಸಲ್ಲಿರುವಾಗಲೇ ಪ್ರಶ್ನೆ ಕೇಳಿದರು. ಎಂಟರಲ್ಲಿ ಆರು ಕಳೆದರೆ ಎಷ್ಟು? ಮಲಗಿದ್ದವರು ಕಣ್ಣನ್ನು ಎಡಬಲಕ್ಕೆ ಎರಡು ಸಲ ಆಡಿಸಿ ಎರಡು ಅಂದರು. ಎಲ್ಲ ಸಲವೂ ಹೀಗಾಗಲಿಲ್ಲ. ಹೆಚ್ಚಿನ ಪಾಲು ಉತ್ತರವೇ ಬರಲಿಲ್ಲ, ಸರಿಯುತ್ತರ ಬಂದದ್ದು ಐದರಲ್ಲಿ ಒಂದಕ್ಕಿಂತ ತುಸು ಕಡಿಮೆ. ಒಬ್ಬರಿಗೆ ಆ ಪ್ರಶ್ನೆ ಕನಸಿನೊಳಗೆ ಕಾರಿನ ರೇಡಿಯೊದಿಂದ ಬಂದ ಹಾಗೆ ಕೇಳಿಸಿತಂತೆ, ನನಗಂತೂ ಇದು ಓದಿ ಬಹಳ ಖುಷಿಯಾಯಿತು. ಆದರೆ ನಮ್ಮ ವಿಷಯಕ್ಕೆ ಬೇಕಾದ ಸಂಗತಿ ಬೇರೆ. ಕನಸಲ್ಲಿ ಸರಿಯಾಗಿ ಉತ್ತರ ಕೊಟ್ಟವರಲ್ಲೂ ಕೆಲವರು ಎದ್ದ ಮೇಲೆ ಪ್ರಶ್ನೆಯನ್ನೇ ತಪ್ಪಾಗಿ ನೆನಪಿಸಿಕೊಂಡರು. ಯಂತ್ರ ಕಟ್ಟಿಕೊಂಡು ಮಲಗಿದವರ ನೆನಪೇ ಹೀಗೆ ಜಾರಿದರೆ ನಮ್ಮದು ಎಷ್ಟರಮಟ್ಟಿಗೆ ನಿಲ್ಲುತ್ತದೆ?

ಅದಕ್ಕೇ ಬರೆಯಿರಿ ಅನ್ನುವುದು. ಕಣ್ಣು ಬಿಟ್ಟ ಕೂಡಲೇ ಮಗ್ಗುಲು ಬದಲಿಸದೆ ಒಂದು ಸಲ ಕನಸನ್ನು ನೆನೆಸಿಕೊಂಡು, ಫೋನ್ ಮುಟ್ಟುವ ಮೊದಲು, ಯಾರಿಗೂ ಹೇಳುವ ಮೊದಲು ಬರೆದಿಡಿ. ಯಾವ ಘಳಿಗೆಯಲ್ಲಿ, ಏನು ಕಂಡು, ಇದು ಕನಸು ಅಂತ ಅನ್ನಿಸಿತು? ಆ ಘಳಿಗೆ ಸಿಗದೇ ಹೋದರೆ, "ಮೊದಲಿಂದಲೂ ಒಂಥರಾ ಗೊತ್ತಿತ್ತು" ಅಂತ ಮಾತ್ರ ಬರೆಯಲು ಆದರೆ, ಅನುಮಾನ ಇರಲಿ. ಕೆಲವರಿಗೆ ಎದ್ದ ಸ್ಥಿತಿಯಿಂದ ನೇರವಾಗಿ ಕನಸಿಗೆ ಜಾರುವುದಾಗುತ್ತದೆ, ಅವರಿಗೆ ಇಂಥ ಘಳಿಗೆ ಇರುವುದಿಲ್ಲ, ಅದು ಅಪರೂಪ. ಪೂರ್ತಿ, ಅರೆ, ಇಲ್ಲ ಅಂತ ಪಕ್ಕದಲ್ಲಿ ಒಂದು ಪದ ಬರೆದುಕೊಂಡರೆ ಸಾಕು, ಅಂಕ ಹಾಕುವ ಪರೀಕ್ಷೆಯೇನಲ್ಲ ಇದು. ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಸುಮಾರು ನೂರಕ್ಕೆ 55 ಜನ ಜೀವನದಲ್ಲಿ ಒಮ್ಮೆಯಾದರೂ ಇಂಥ ಕನಸು ಕಂಡಿದ್ದೇವೆ ಅಂದಿದ್ದಾರೆ. ಅವರಲ್ಲಿ ಅರೆ ಎಚ್ಚರದವರೂ ಸೇರಿರಬಹುದು ಅನ್ನುವುದು ನನ್ನ ಗುಮಾನಿ.

ಒಂದು ಮಾತು ಮಾತ್ರ ಕಟುವಾಗಿಯೇ ಹೇಳುತ್ತೇನೆ. ಇದಕ್ಕಾಗಿ ದಿನಾ ರಾತ್ರಿ ಮೂರೂವರೆಗೆ ಅಲಾರಂ ಇಟ್ಟು ಎದ್ದು ಮಲಗುವ ಚಟ ಬೇಡ. ಮೊದಲೇ ನಿದ್ದೆ ಸರಿಯಿಲ್ಲದವರು, ಹಗಲಲ್ಲೇ ನಿಜ ಯಾವುದು ಕನಸು ಯಾವುದು ಅಂತ ಗಲಿಬಿಲಿಯಾಗುವವರು ಈ ಪ್ರಯೋಗಕ್ಕೆ ಕೈಹಾಕದೆ ಡಾಕ್ಟರ ಹತ್ತಿರ ಮಾತಾಡಿ. ಉಳಿದವರು ಇವತ್ತು ಮಲಗುವಾಗ ದಿಂಬಿನ ಪಕ್ಕ ಒಂದು ನೋಟ್‌ಬುಕ್ಕು, ಪೆನ್ನು ಇಟ್ಟುಕೊಳ್ಳಿ.

ನಮಸ್ಕಾರ.