ಗೆರೆ ಎಳೆದರೆ ಕುರಿ ಉಳಿಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಮರುಭೂಮಿ ಅಂದ ಕೂಡಲೇ ಮರಳಿನ ದಿಬ್ಬಗಳೇ ಕಣ್ಣಿಗೆ ಬರುತ್ತವೆ, ಅಲ್ವಾ? ಇವತ್ತು ಅವನ್ನು ಮರೆತುಬಿಡಿ. ಅಮೆರಿಕದ ಅರಿಝೋನಾದಲ್ಲಿ ಟೂಸಾನ್ ಅಂತ ಒಂದು ಊರಿದೆ. ಅದರ ಉತ್ತರಕ್ಕೆ ಗೋಡೆ ಕಟ್ಟಿದ ಹಾಗೆ ನಿಂತಿರುವುದು ಸಾಂಟಾ ಕ್ಯಾಟಲಿನಾ ಬೆಟ್ಟಸಾಲು. ಅಲ್ಲಿನ ಮೂಲನಿವಾಸಿಗಳಾದ ತೊಹೊನೊ ಓಧಮ್ ಜನ ಅದನ್ನು ಕಪ್ಪೆ ಬೆಟ್ಟ ಎಂದು ಕರೆಯುತ್ತಾರೆ. ಮರುಭೂಮಿಯಲ್ಲಿ ಕಪ್ಪೆ!

ಬುಡದಲ್ಲಿ ಸಗ್ವಾರೋ ಎಂಬ ಪಾಪಾಸುಕಳ್ಳಿ. ಮರದಷ್ಟು ಎತ್ತರ, ತೋಳು ಚಾಚಿಕೊಂಡು ನಿಂತಿರುತ್ತದೆ. ಮೊದಲ ತೋಳು ಮೂಡಲು ಐವತ್ತು ವರ್ಷಕ್ಕೂ ಜಾಸ್ತಿ ಬೇಕು. ಮೇಲೆ ಹೋದಂತೆ ಕಳ್ಳಿ ಮುಗಿದು ಓಕ್, ಆಮೇಲೆ ಪೈನ್, ಕೊನೆಗೆ ಫರ್ ಮರಗಳು. ಮೌಂಟ್ ಲೆಮ್ಮನ್ ಶಿಖರ 2,791 ಮೀಟರ್. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. ಸಾವಿರ ಮೀಟರ್ ಹತ್ತಿದರೆ ಸೆಖೆ ಸುಮಾರು ಆರು ಡಿಗ್ರಿ ಇಳಿಯುತ್ತದೆ, ಮಳೆಯೂ ಹೆಚ್ಚುತ್ತದೆ. ಜುಲೈಯಲ್ಲಿ ಬರುವ ಗುಡುಗುಮಳೆಯನ್ನು ಅಲ್ಲಿನವರೂ ಮಾನ್ಸೂನ್ ಅಂತಲೇ ಹೇಳುತ್ತಾರೆ.

1978ರಲ್ಲಿ ಈ ಬೆಟ್ಟದ ಸುಮಾರು 57 ಸಾವಿರ ಎಕರೆಯನ್ನು 'ಪುಶ್ ರಿಡ್ಜ್ ವೈಲ್ಡರ್‌ನೆಸ್' ಎಂದು ಕಾನೂನಿನಡಿ ಕಾಪಾಡಲಾಯಿತು. ಒಳಗೆ ರಸ್ತೆ ಇಲ್ಲ, ಮೋಟಾರು ಇಲ್ಲ, ಸೈಕಲ್ ಕೂಡ ಇಲ್ಲ. ಆದರೆ ಗೆರೆಯ ಆಚೆಗೇ ಮನೆಗಳ ಸಾಲು.

ಅಲ್ಲಿ ಬಿಗ್‌ಹಾರ್ನ್ ಕುರಿಗಳಿದ್ದವು. ನಮ್ಮ ಕಾಡುಕುರಿ ಅಲ್ಲ, ಅದು ಹೆಸರಿಗಷ್ಟೇ ಕುರಿ, ಜಾತಿಯಲ್ಲಿ ಜಿಂಕೆ. ಇದು ಸುರುಳಿ ಕೊಂಬಿನ ನಿಜವಾದ ಕುರಿ. 1990ರ ದಶಕದಲ್ಲಿ ಅವು ಅಲ್ಲಿಂದ ಮಾಯವಾದವು. ಕಾನೂನು ಬಂದ ಮೇಲೆ, ನೋಡಿ! ಈ ಕುರಿಗೆ ಬಯಲು ನೋಟ ಬೇಕು. ಪ್ಯೂಮಾ, ಅಂದರೆ ಅಲ್ಲಿನ ದೊಡ್ಡ ಬೇಟೆಗಾರ ಬೆಕ್ಕು, ಬರುವುದು ದೂರದಿಂದಲೇ ಕಾಣಬೇಕು. ನಾವು ಮನುಷ್ಯರು ಹತ್ತಾರು ವರ್ಷ ಬೆಂಕಿ ಬಿದ್ದಲ್ಲೆಲ್ಲ ಆರಿಸುತ್ತ ಬಂದೆವು. ಪೊದೆ ದಟ್ಟವಾಯಿತು, ಪ್ಯೂಮಾಗೆ ಅಡಗುವ ಜಾಗ ಸಿಕ್ಕಿತು. ಜೊತೆಗೆ ಚಾರಣಿಗರು, ಅವರ ನಾಯಿಗಳು, ಊರಿನ ಒತ್ತಡ.

2013ರಲ್ಲಿ ಬೇರೆಡೆಯಿಂದ ಸುಮಾರು 30 ಕುರಿ ತಂದು ಬಿಟ್ಟರು. ಪ್ಯೂಮಾಗಳು ಹಲವನ್ನು ತಿಂದವು. ಕುರಿ ತಿಂದ ಪ್ಯೂಮಾಗಳನ್ನು ಅಲ್ಲಿನ ವನ್ಯಜೀವಿ ಇಲಾಖೆಯವರು ಕೊಂದರು. ಊರಲ್ಲಿ ದೊಡ್ಡ ಜಗಳವೇ ಆಯಿತು. ಕಾಡು ಕಾಯಲು ಕಾಡುಪ್ರಾಣಿಯನ್ನೇ ಕೊಲ್ಲುವುದು ನನಗಂತೂ ಇಂದಿಗೂ ಒಪ್ಪಿಗೆಯಾಗಿಲ್ಲ.

2020ರ ಜೂನ್‌ನಲ್ಲಿ ಈ ಬೆಟ್ಟಸಾಲಿಗೆ ಸಿಡಿಲು ಬಡಿದು ಸುಮಾರು 1,20,000 ಎಕರೆ ಸುಟ್ಟಿತು. ಪೊದೆ ಸುಟ್ಟರೆ ಕುರಿಗೆ ಒಳ್ಳೆಯದೇ. ಆದರೆ ಸಗ್ವಾರೋಗೆ ಬೆಂಕಿಯ ಅಭ್ಯಾಸವಿಲ್ಲ. ಅದರ ಬುಡಕ್ಕೆ ಬೆಂಕಿ ಒಯ್ಯುವುದು ಬಫಲ್ ಹುಲ್ಲು. ಯಾವುದು ಗೊತ್ತಾ? ನಮ್ಮಲ್ಲಿ ದನದ ಮೇವಿಗೆ ಬೆಳೆಯುವ ಅಂಜನ ಹುಲ್ಲು! ಅಲ್ಲಿಗೂ ಮೇವಿಗೆಂದೇ ಆಫ್ರಿಕಾದಿಂದ ತಂದದ್ದು. ಈಗ ಸ್ವಯಂಸೇವಕರು ಹಾರೆ ಹಿಡಿದು, ಬಿಸಿಲಲ್ಲಿ ಬಂಡೆ ಹತ್ತಿ, ಅದನ್ನು ಒಂದೊಂದೇ ಬುಡ ಕೀಳುತ್ತಿದ್ದಾರೆ.